ಗಣಕಯಂತ್ರದ ಆಟವೂ ನಮ್ಮ ಪ್ರತಿಜ್ಞಾಪತ್ರವೂ

ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಸತ್ಯ ಧರ್ಮದ ದಿನ ಸಾಯಂಕಾಲ, ನಮ್ಮ ಕಡೆಯ ಒಂದು ಟ್ರಸ್ಟು ವಿದ್ಯಾರ್ಥಿವೇತನ ವಿತರಣೆಯ ಸಭೆಯನ್ನು ಏರ್ಪಡಿಸಿತ್ತು. ವೇತನಕ್ಕೆ ಆಯ್ಕೆಯಾದ ಹದಿನಾಲ್ಕು ಮಂದಿ ವಿದ್ಯಾರ್ಥಿಗಳಿಗೆ ಚೆಕ್ಕಿನ ಜೊತೆಗೆ ಒಂದೊಂದು ಮುದ್ರಿತ ಪ್ರತಿಜ್ಞಾಪತ್ರವನ್ನೂ ಕೊಡಲಾಯಿತು. ಮದ್ಯ, ಮಾಂಸ, ಮಧು ತ್ಯಾಗದ ಮೂರು ಸಾಲುಗಳ ಕೆಳಗೆ ಈ ವರ್ಷ ಹೊಸದಾಗಿ ನಾಲ್ಕನೆಯ ಸಾಲೊಂದು ಸೇರಿತ್ತು: ಯುದ್ಧ, ವಧೆ, ದಂಡಯಾತ್ರೆಗಳನ್ನೊಳಗೊಂಡ ಗಣಕಯಂತ್ರದ ಆಟಗಳನ್ನು ಆಡುವುದಿಲ್ಲವೆಂಬ ಪ್ರತಿಜ್ಞೆ. ಹದಿಮೂರು ಮಂದಿ ಸಹಿ ಮಾಡಿದರು. ಒಬ್ಬ ಮಾತ್ರ, ‘ಮೊದಲ ಮೂರಕ್ಕೆ ಸಹಿ ಮಾಡುತ್ತೇನೆ, ನಾಲ್ಕನೆಯದನ್ನು ಪಾಲಿಸಲಾರೆ, ಆದ್ದರಿಂದ ಸಹಿ ಮಾಡಲಾರೆ’ ಎಂದ. ಅವನ ಚೆಕ್ಕು ಮೇಜಿನ ಮೇಲೆಯೇ ಉಳಿಯಿತು.

ಆ ಹುಡುಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವವನು, ನನ್ನ ಸ್ವಂತ ತಂಗಿಯ ಮಗ. ಸ್ವಜನಪಕ್ಷಪಾತದಿಂದ ಈ ಲೇಖನ ಬರೆದಿದ್ದಾನೆಂದು ಹೇಳುವವರು ಹೇಳಲಿ. ಅವನ ಶುಲ್ಕವನ್ನು ಮನೆಯವರೇ ಸೇರಿ ಕಟ್ಟಿದ್ದೇವೆ; ಟ್ರಸ್ಟಿನಿಂದ ನಮಗೆ ಬರಬೇಕಾದುದೇನೂ ಇಲ್ಲ. ವೇದಿಕೆಯಲ್ಲಿ ಅತಿಥಿಯಾಗಿ ಕುಳಿತಿದ್ದ ನಾನು ಅಂದು ಒಂದು ಮಾತನ್ನೂ ಆಡಲಿಲ್ಲ ಎಂಬುದು ನನ್ನ ದೋಷ. ಅದನ್ನು ಇಲ್ಲಿ ಒಪ್ಪಿಕೊಂಡು ಮುಂದುವರಿಯುತ್ತೇನೆ.

ಸಹಿ ಮಾಡಿದ ಹದಿಮೂರು ಮಂದಿಯಲ್ಲಿ ಕೆಲವರಾದರೂ ಅದೇ ರಾತ್ರಿ ಅದೇ ಆಟಗಳ ಮುಂದೆ ಕುಳಿತಿದ್ದರೆಂದು ಬಲ್ಲೆ. ಉತ್ತಮ ಸತ್ಯದ ದಿನ, ಜಿನಬಿಂಬದ ಸಮ್ಮುಖದಲ್ಲಿ, ಮಕ್ಕಳ ಕೈಯಿಂದ ಅಸತ್ಯಕ್ಕೆ ಸಹಿ ಹಾಕಿಸಿದೆವು. ಸತ್ಯ ಹೇಳಿದವನನ್ನು ಬರಿಗೈಯಲ್ಲಿ ಕಳುಹಿಸಿದೆವು. ಅಹಿಂಸಾಣುವ್ರತವನ್ನು ಉಳಿಸುವ ಅವಸರದಲ್ಲಿ ಸತ್ಯಾಣುವ್ರತವನ್ನು ತುಳಿದ ಈ ಕ್ರಮವನ್ನು ಧರ್ಮಪ್ರಭಾವನೆಯೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ.

ಇನ್ನು ಆಟದ ವಿಚಾರ. ನಿಂದಿಸುವ ಮೊದಲು ನೋಡುವುದು ನ್ಯಾಯವಲ್ಲವೇ? ದೀಪಾವಳಿಯ ರಜೆಯಲ್ಲಿ ಕಾಪುವಿನ ತಂಗಿಯ ಮನೆಗೆ ಹೋದಾಗ ಎರಡು ಸಾಯಂಕಾಲ ಹುಡುಗನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದ ಪ್ಯಾರಡಾಕ್ಸ್ ಎಂಬ ಸಂಸ್ಥೆಯವರು ಮಾಡಿದ ಆಟಗಳವು. ಬಂದೂಕು ಹಿಡಿದು ಓಡುವ ಆಟಗಳೆಂದೇ ನಾನು ತಿಳಿದಿದ್ದೆ. ಅಲ್ಲಿ ಕಂಡದ್ದು ಭೂಪಟ. ಒಂದು ರಾಜವಂಶವನ್ನು ಆರಿಸಿಕೊಂಡು ಅದರ ಮದುವೆ, ಸಂತಾನ, ಸಾಮಂತರು, ಬೊಕ್ಕಸ, ಯುದ್ಧ, ಸಂಧಿಗಳನ್ನು ಶತಮಾನಗಳ ಉದ್ದಕ್ಕೂ ನಡೆಸಬೇಕು. ಕ್ರುಸೇಡರ್ ಕಿಂಗ್ಸ್ ಎಂಬ ಆಟದ ಎರಡನೆಯ ಆವೃತ್ತಿ 2012ರಲ್ಲಿ ಹೊರಬಂದಿತು. ಅದರ ಕಾಲ ಮೂಲತಃ 1066ರಿಂದ 1453ರವರೆಗೆ. 2013ರ ಆಗಸ್ಟಿನಲ್ಲಿ ಬಂದ ಯುರೋಪಾ ಯೂನಿವರ್ಸಾಲಿಸ್ ನಾಲ್ಕನೆಯ ಆವೃತ್ತಿ 1444ರ ನವೆಂಬರ್ 11ರಿಂದ ತೊಡಗಿ 1821ಕ್ಕೆ ಮುಗಿಯುತ್ತದೆ. ವಿಕ್ಟೋರಿಯಾ ಎಂಬುದರ ಎರಡನೆಯ ಆವೃತ್ತಿ 1836ರಿಂದ 1936ರವರೆಗಿನದು. ಅಲ್ಲಿಂದ ಮುಂದೆ ಎರಡನೆಯ ಮಹಾಯುದ್ಧದ ಹಾರ್ಟ್ಸ್ ಆಫ್ ಐರನ್.

ಇವು ಬೇರೆಬೇರೆ ಆಟಗಳಾದರೂ ಒಂದರಲ್ಲಿ ಆಡಿ ಉಳಿಸಿಟ್ಟ ರಾಜ್ಯವನ್ನು ಮತ್ತೊಂದಕ್ಕೆ ದಾಟಿಸಬಹುದು. ಮೊದಲನೆಯದರಿಂದ ಎರಡನೆಯದಕ್ಕೆ ದಾಟಿಸುವ ಕನ್ವರ್ಟರನ್ನು ಸಂಸ್ಥೆಯವರೇ 2013ರಲ್ಲಿ ಮಾರಿದರು. ಮುಂದಿನ ದಾಟುಗಳಿಗೆ ಆಸಕ್ತ ಆಟಗಾರರೇ ಸಂಬಳವಿಲ್ಲದೆ ಬರೆದು ಹಂಚಿದ ಕನ್ವರ್ಟರುಗಳಿವೆ. ಹೀಗೆ ಒಬ್ಬ ಹುಡುಗ ಹನ್ನೊಂದನೆಯ ಶತಮಾನದಲ್ಲಿ ಕಟ್ಟಿದ ರಾಜ್ಯವನ್ನು ಇಪ್ಪತ್ತನೆಯ ಶತಮಾನಕ್ಕೆ ತಲುಪಿಸಬಹುದು. ನನ್ನ ಅಳಿಯ ಏಳು ತಿಂಗಳಿನಿಂದ ಮಾಡುತ್ತಿರುವುದು ಇದನ್ನೇ. ಅವನು ಆರಿಸಿಕೊಂಡದ್ದು ಒಬ್ಬ ಜೈನ ಅರಸನನ್ನು.

ಆಟದ ಮೊದಲ ರೂಪದಲ್ಲಿ ಭಾರತವೇ ಇರಲಿಲ್ಲ. 2014ರ ಮಾರ್ಚಿನಲ್ಲಿ ‘ರಾಜಾಸ್ ಆಫ್ ಇಂಡಿಯಾ’ ಎಂಬ ವಿಸ್ತರಣೆ ಬಂದ ಮೇಲೆ ಹಿಂದೂ, ಬೌದ್ಧ, ಜೈನ ಅರಸರಾಗಿ ಆಡುವ ಅವಕಾಶ ಒದಗಿತು. ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದ್ದು ಅದೇ ವರ್ಷದ ಜನವರಿಯಲ್ಲಿ. ದೆಹಲಿ ಮತ್ತು ಸ್ಟಾಕ್‌ಹೋಮ್‌ಗಳು ಎರಡು ತಿಂಗಳ ಅಂತರದಲ್ಲಿ ನಮ್ಮನ್ನು ಗುರುತಿಸಿದವು ಎನ್ನೋಣ.

ಈಗ ಪ್ರತಿಪಕ್ಷದವರ ಮುಖ್ಯವಾದವನ್ನು ಅದರ ಪೂರ್ಣ ಬಲದಲ್ಲಿಯೇ ಮಂಡಿಸುತ್ತೇನೆ. ದುರ್ಬಲಗೊಳಿಸಿ ಖಂಡಿಸುವುದು ಸುಲಭ, ಆದರೆ ಅನ್ಯಾಯ. ಜನ್ನ ಕವಿಯ ಯಶೋಧರ ಚರಿತೆಯನ್ನು ನಾವೆಲ್ಲ ಬಲ್ಲೆವು. 1209ರ ಆ ಕಾವ್ಯದಲ್ಲಿ ಯಶೋಧರ ಕೊಂದದ್ದು ಜೀವಂತ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆ ಒಂದು ಸಂಕಲ್ಪಹಿಂಸೆಯ ಫಲವಾಗಿ ಅವನೂ ಅವನ ತಾಯಿ ಚಂದ್ರಮತಿಯೂ ನವಿಲು ನಾಯಿಗಳಾಗಿ ಹುಟ್ಟಿ, ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿ, ಕೋಳಿಗಳೇ ಆಗಿ ಸತ್ತು, ಕಡೆಗೆ ಅಭಯರುಚಿ ಅಭಯಮತಿಯರಾದರು. ಹಿಟ್ಟಿನ ಕೋಳಿಯ ಪಾಪವೇ ಇಷ್ಟು ಭವಗಳನ್ನು ದಾಟಿ ಬರುವುದಾದರೆ, ಗಾಜಿನ ಪರದೆಯ ಮೇಲೆ ಕೊಂದ ಹತ್ತು ಸಾವಿರ ಸೈನಿಕರ ಪಾಪ ದಾಟಿ ಬಾರದೇ? ‘ಅದು ಬರೀ ಆಟ’ ಎಂಬ ಹುಡುಗರ ಸಮಾಧಾನ ಚಂದ್ರಮತಿಯ ಸಮಾಧಾನಕ್ಕಿಂತ ಭಿನ್ನವೇ?

ಪ್ರಶ್ನೆ ಗಟ್ಟಿಯಾದುದು. ಅದನ್ನೆತ್ತಿದ ಹಿರಿಯರ ಶಾಸ್ತ್ರಜ್ಞಾನಕ್ಕೆ ನಮಸ್ಕಾರ. ಆದರೆ ಅವರು ಕಥೆಯ ಅರ್ಧವನ್ನು ಮಾತ್ರ ಹೇಳುತ್ತಾರೆ. ಯಶೋಧರ ಹಿಟ್ಟಿನ ಕೋಳಿಯೊಡನೆ ಆಡಲಿಲ್ಲ. ನಿಜವಾದ ಬಲಿಯ ಸ್ಥಾನದಲ್ಲಿ ಅದನ್ನಿಟ್ಟು, ವಧೆಯಿಂದ ಫಲವನ್ನು ಬಯಸಿ, ದೇವತೆಯ ಮುಂದೆ ಕತ್ತಿಯೆತ್ತಿದ. ಬಂಧಕ್ಕೆ ಕಾರಣವಾದದ್ದು ಹಿಟ್ಟಲ್ಲ, ಭಾವ. ಆದ್ದರಿಂದ ಕೇಳಬೇಕಾದುದು ಪರದೆಯ ಮೇಲೆ ಏನು ನಡೆಯಿತೆಂದಲ್ಲ, ಹುಡುಗನ ಪರಿಣಾಮದಲ್ಲಿ ಏನು ನಡೆಯಿತೆಂದು. ಅದನ್ನು ಯಾರು ಕೇಳಿದ್ದಾರೆ?

ನಾನು ಕೇಳಿದೆ. ‘ಅಷ್ಟು ಜನ ಸತ್ತಾಗ ನಿನಗೆ ಏನನ್ನಿಸುತ್ತದೆ?’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಏನೂ ಅನ್ನಿಸುವುದಿಲ್ಲ ಮಾವ. ಹತ್ತು ಸಾವಿರ ಇದ್ದದ್ದು ಆರು ಸಾವಿರ ಎಂದು ತೋರಿಸುತ್ತದೆ, ಅಷ್ಟೆ’ ಎಂದ.

ನಿಜ ಹೇಳುತ್ತೇನೆ, ರಕ್ತವನ್ನು ತೋರಿಸಿದ್ದರೆ ನನಗೆ ಇಷ್ಟು ಕಳವಳವಾಗುತ್ತಿರಲಿಲ್ಲ. ಜನ್ನನ ಹಿಟ್ಟಿನ ಕೋಳಿಯಾದರೂ ಕೂಗಿತು. ಆ ಕೂಗಿನಿಂದಲೇ ಯಶೋಧರನ ಎದೆ ನಡುಗಿತು. ಇಲ್ಲಿ ಕೂಗುವವರೇ ಇಲ್ಲ. ಈ ಆಟಗಳಲ್ಲಿ ದೋಷವಿದ್ದರೆ ಅದು ಇಲ್ಲಿದೆ, ಕ್ರೌರ್ಯವನ್ನು ಪ್ರಚೋದಿಸುವುದರಲ್ಲಿ ಅಲ್ಲ, ಅನುಕಂಪೆಗೆ ಎಡೆಯನ್ನೇ ಇಡದಿರುವುದರಲ್ಲಿ. ಇದನ್ನು ಪಾಠಶಾಲೆಯಲ್ಲಿ ಮಕ್ಕಳೊಡನೆ ಚರ್ಚಿಸಬಹುದು. ಪ್ರತಿಜ್ಞಾಪತ್ರದ ಸಾಲಿನಲ್ಲಿ ಇದು ಹಿಡಿಸುವುದಿಲ್ಲ.

ಶಾಸ್ತ್ರದ ದೃಷ್ಟಿಯಿಂದ ನೋಡಿದರೂ ನಮ್ಮ ಹಿರಿಯರು ತಪ್ಪು ಕಪಾಟಿನ ಬಾಗಿಲು ತೆರೆದಿದ್ದಾರೆ. ಸಂಕಲ್ಪೀ ಹಿಂಸೆಗಿಂತ ಇಲ್ಲಿ ಅನ್ವಯಿಸುವುದು ಅನರ್ಥದಂಡ ವಿರತಿ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಎಣಿಸಿದ ಐದರಲ್ಲಿ ನಿಷ್ಪ್ರಯೋಜನವಾದ ಕಾಲಹರಣವೂ, ಪರರ ಸೋಲನ್ನು ಬಯಸುವ ಚಿಂತನೆಯೂ ಬರುತ್ತವೆ. ರಾತ್ರಿ ಎರಡು ಗಂಟೆಯವರೆಗೆ ಆಡಿ ಬೆಳಗಿನ ದರ್ಶನವನ್ನು ತಪ್ಪಿಸುವ ಹುಡುಗ ಪ್ರಮಾದಚರ್ಯೆಯಲ್ಲಿದ್ದಾನೆ. ಈ ವಿಷಯದಲ್ಲಿ ಅಳಿಯನಿಗೆ ನಾನು ರಿಯಾಯಿತಿ ತೋರಿಲ್ಲ. ಆದರೆ ಅದೇ ಅಳತೆಗೋಲನ್ನು ನಮಗೂ ಹಿಡಿಯಬೇಕಲ್ಲ. ಅಭಿಷೇಕದ ಕಲಶಕ್ಕೆ ಸವಾಲು ಕೂಗುವಾಗ ಪಕ್ಕದ ಮನೆತನವನ್ನು ಸೋಲಿಸಬೇಕೆಂದು ಎದ್ದೇಳುವ ಭಾವ ಅಪಧ್ಯಾನವಲ್ಲವೇ? ದೂರದರ್ಶನದಲ್ಲಿ ಪುರಾಣದ ಯುದ್ಧಗಳನ್ನು ಮನೆಮಂದಿಯೆಲ್ಲ ಕುಳಿತು ನೋಡಿದಾಗ ಯಾರೂ ಪ್ರತಿಜ್ಞಾಪತ್ರ ಹಂಚಲಿಲ್ಲ.

ನಮ್ಮ ಚರಿತ್ರೆಯೂ ಯುದ್ಧದಿಂದ ಹೊರತಾದುದಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿ. ಸಮರಪರಶುರಾಮನೆಂಬ ಬಿರುದನ್ನು ಹೊತ್ತವನು. ಭರತ ಬಾಹುಬಲಿಯರ ನಡುವೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಾದದ್ದು ಸೇನೆಗಳ ಸಂಹಾರ ತಪ್ಪಲೆಂದು. ಯುದ್ಧವೆಂಬ ಪದವನ್ನೇ ಮಕ್ಕಳ ಕಿವಿಯಿಂದ ದೂರವಿಟ್ಟರೆ ಬಾಹುಬಲಿ ಯಾವುದನ್ನು ತ್ಯಜಿಸಿದನೆಂದು ಅವರಿಗೆ ಹೇಗೆ ತಿಳಿಯಬೇಕು?

ಆಟವನ್ನು ಸಮರ್ಥಿಸಲು ಹೊರಟಿದ್ದೇನೆಂದು ವಾಚಕರು ಭಾವಿಸಬಾರದು. ಅದರೊಡನೆ ನನ್ನ ಜಗಳ ಟ್ರಸ್ಟಿನವರ ಜಗಳಕ್ಕಿಂತ ದೊಡ್ಡದು.

ಆ ಆಟದಲ್ಲಿ ಕ್ರೈಸ್ತ ಅರಸನ ಧರ್ಮಶ್ರದ್ಧೆಯನ್ನು ಒಂದು ಅಂಕಿಯಲ್ಲಿ ತೋರಿಸುತ್ತಾರೆ. ಭಾರತೀಯ ಅರಸನಾದರೆ ಅದೇ ಅಂಕಿಯ ಹೆಸರು ‘ಕರ್ಮ’! ಕರ್ಮ ಹೆಚ್ಚಿದಷ್ಟೂ ಒಳ್ಳೆಯದು. ಸಂಗ್ರಹಿಸಬೇಕು, ಬೇಕಾದಾಗ ಖರ್ಚು ಮಾಡಬೇಕು. ಜೈನ ಅರಸನಿಗೂ ಇದೇ ಲೆಕ್ಕ. ಕರ್ಮವು ಆತ್ಮನಿಗೆ ಅಂಟುವ ಪುದ್ಗಲ, ಸಂವರದಿಂದ ತಡೆದು ನಿರ್ಜರೆಯಿಂದ ಉದುರಿಸಬೇಕಾದ ಹೊರೆ, ಪುಣ್ಯವಾದರೂ ಚಿನ್ನದ ಸಂಕೋಲೆ ಎಂದು ಪಾಠಶಾಲೆಯ ಎರಡನೆಯ ಭಾಗ ಓದಿದ ಬಾಲಕನೂ ಹೇಳಬಲ್ಲ. ಆಟದವರು ಅದನ್ನು ಬ್ಯಾಂಕಿನ ಠೇವಣಿಯಾಗಿ ಮಾಡಿದ್ದಾರೆ. ಇದು ಸಣ್ಣ ತಪ್ಪಲ್ಲ, ಸಿದ್ಧಾಂತವನ್ನೇ ತಲೆಕೆಳಗು ಮಾಡಿದ ತಪ್ಪು.

ದಾಟಿಸುವಿಕೆಯಲ್ಲಿಯೂ ಇದೇ ತಲೆಕೆಳಗು. ಮೊದಲನೆಯ ಆಟದಲ್ಲಿ ಸಾವಿರಾರು ವ್ಯಕ್ತಿಗಳಿದ್ದಾರೆ; ಒಬ್ಬೊಬ್ಬರಿಗೂ ಹೆಸರು, ಸ್ವಭಾವ, ಸ್ನೇಹ, ವೈರ. ಕನ್ವರ್ಟರಿನಲ್ಲಿ ಹಾಯಿಸಿದಾಗ ಗಡಿರೇಖೆಗಳು ದಾಟುತ್ತವೆ, ನೆಲದ ಧರ್ಮ ಭಾಷೆಗಳು ದಾಟುತ್ತವೆ, ಸಿಂಹಾಸನದ ಮೇಲಿರುವವನ ಹೆಸರು ದಾಟುತ್ತದೆ. ಆ ಅರಸನೂ ಮುಂದೆ ಆಡಳಿತಕ್ಕೆ ಇಷ್ಟು, ರಾಜತಂತ್ರಕ್ಕೆ ಇಷ್ಟು, ಯುದ್ಧಕ್ಕೆ ಇಷ್ಟು ಎಂಬ ಮೂರು ಅಂಕಿಗಳಷ್ಟೆ. ಮಂತ್ರಿಯ ದ್ರೋಹ, ರಾಣಿಯ ಕ್ಷಮೆ, ತಮ್ಮನ ವೈರಾಗ್ಯ ಯಾವುದೂ ದಾಟುವುದಿಲ್ಲ. ನಮ್ಮ ಸಿದ್ಧಾಂತ ಹೇಳುವುದೇನು? ದಾಟುವುದು ಜೀವ, ಅದರೊಡನೆ ದಾಟುವುದು ತೈಜಸ ಕಾರ್ಮಣ ಶರೀರಗಳು. ರಾಜ್ಯವೂ ಕೋಶವೂ ಗಡಿಯೂ ಇಲ್ಲಿಯೇ ಉಳಿಯುತ್ತವೆ. ಆಟದಲ್ಲಿ ರಾಜ್ಯ ದಾಟುತ್ತದೆ, ಜೀವ ಉಳಿದುಹೋಗುತ್ತದೆ. ಅಳಿಯನಿಗೆ ಇದನ್ನು ಹೇಳಿದಾಗ ಅವನು ಆಟವನ್ನು ನಿಲ್ಲಿಸಿ ನನ್ನ ಕಡೆ ತಿರುಗಿ ಕುಳಿತ. ಒಂದು ಗಂಟೆ ಮಾತನಾಡಿದೆವು. ತತ್ತ್ವಾರ್ಥಸೂತ್ರದ ವಿಷಯವಾಗಿ ಅವನು ನನ್ನೊಡನೆ ಒಂದು ಗಂಟೆ ಮಾತನಾಡಿದ್ದು ಅದೇ ಮೊದಲು.

ಆಟವನ್ನು ಹಿಂದಿನ ದಿನಾಂಕಕ್ಕೆ ಒಯ್ದು, ಮಾಡಿದ್ದನ್ನು ಮಾಡದಂತೆ ಮಾಡುವ ಅನುಕೂಲವೂ ಇದೆ. ಅದನ್ನು ತಾನಾಗಿಯೇ ಬಿಟ್ಟುಕೊಟ್ಟು, ಆದದ್ದನ್ನು ಅನುಭವಿಸಿಯೇ ಮುಂದುವರಿಯುವ ‘ಐರನ್‌ಮ್ಯಾನ್’ ಎಂಬ ಕ್ರಮವೂ ಇದೆ. ನಾಲ್ಕನೆಯ ಸಾಲು ಇರಲೇಬೇಕೆಂದಾದರೆ, ಆಡುವುದಾದರೆ ಆ ಕ್ರಮದಲ್ಲಿಯೇ ಆಡುತ್ತೇನೆಂದು ಬರೆಸಿದ್ದರೆ ಒಂದಿಷ್ಟು ಅರ್ಥವಿರುತ್ತಿತ್ತು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಮೊದಲನೆಯ ಆಟದಲ್ಲಿ ಜೈನನು ಅರಸ. ಎರಡನೆಯದರಲ್ಲಿ? 1444ರಲ್ಲಿ ತೊಡಗುವ ಆ ಆಟದ ಮೂಲಪಟ್ಟಿಯಲ್ಲಿ ಭಾರತೀಯ ಧರ್ಮಗಳ ಗುಂಪಿನಲ್ಲಿರುವುದು ಹಿಂದೂ ಮತ್ತು ಸಿಖ್. 2018ರಲ್ಲಿ ‘ಧರ್ಮ’ ಎಂಬ ಹೆಸರಿನ ವಿಸ್ತರಣೆಯೊಂದು ಬಂದಾಗ ಜೈನರಿಗೆ ಸ್ಥಾನ ಸಿಕ್ಕಿತು, ಆದರೆ ಧರ್ಮವಾಗಿ ಅಲ್ಲ: ಬ್ರಾಹ್ಮಣ, ರಜಪೂತ, ಮರಾಠ, ವೈಶ್ಯರ ಸಾಲಿನಲ್ಲಿ ‘ಜೈನ’ ಎಂಬುದೊಂದು ವರ್ಗವಾಗಿ, ರಾಜ್ಯದ ವ್ಯಾಪಾರ ಮತ್ತು ಹಣದ ವ್ಯವಹಾರ ನೋಡಿಕೊಳ್ಳುವವರಾಗಿ. ಸಿಂಹಾಸನದಲ್ಲಿದ್ದವನು ಶತಮಾನದ ಗಡಿ ದಾಟುತ್ತಿದ್ದಂತೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ.

1444 ಎಂದರೆ ಯಾವ ಕಾಲ? ಕಾರ್ಕಳದ ಬಾಹುಬಲಿಯನ್ನು ವೀರಪಾಂಡ್ಯ ಭೈರರಸ ಪ್ರತಿಷ್ಠಾಪಿಸಿದ್ದು 1432ರ ಫೆಬ್ರವರಿ 13ರಂದು. ಎದುರಿನ ಬ್ರಹ್ಮದೇವರ ಸ್ತಂಭ 1436ರದು. ಆಟದ ಗಡಿಯಾರ ತೊಡಗುವಾಗ ನಲವತ್ತೆರಡು ಅಡಿಯ ಆ ಮೂರ್ತಿಗೆ ಇನ್ನೂ ಹದಿಮೂರು ವರ್ಷ ತುಂಬಿರಲಿಲ್ಲ. ಇಮ್ಮಡಿ ಭೈರರಸ ಚತುರ್ಮುಖ ಬಸದಿಯನ್ನು ಕಟ್ಟಿಸಿದ್ದು 1586ರಲ್ಲಿ, ವೇಣೂರಿನಲ್ಲಿ ತಿಮ್ಮಣ್ಣ ಅಜಿಲ ಬಾಹುಬಲಿಯನ್ನು ನಿಲ್ಲಿಸಿದ್ದು 1604ರಲ್ಲಿ. ಆ ಆಟದಲ್ಲಿ ಜೈನರು ಬರಿಯ ವರ್ತಕರಾಗಿರುವ ಕಾಲದಲ್ಲಿ ತುಳುನಾಡಿನ ಜೈನ ಅರಸರು ರಾಜ್ಯವಾಳುತ್ತಿದ್ದರು.

ಸ್ವೀಡನ್ನಿನವರನ್ನು ಬೈದು ಕೈತೊಳೆದುಕೊಳ್ಳೋಣವೇ? ಅದೇ ಸಂಸ್ಥೆ 2020ರ ಸೆಪ್ಟೆಂಬರಿನಲ್ಲಿ ಹೊರತಂದ ಮೂರನೆಯ ಕ್ರುಸೇಡರ್ ಕಿಂಗ್ಸ್‌ನಲ್ಲಿ ಜೈನಧರ್ಮದೊಳಗೆ ದಿಗಂಬರ, ಶ್ವೇತಾಂಬರ, ಯಾಪನೀಯ ಎಂದು ಮೂರು ಭೇದಗಳನ್ನು ಕೊಟ್ಟಿದ್ದಾರೆ. ಯಾಪನೀಯರು ಕರ್ನಾಟಕದ ನೆಲದಲ್ಲಿ ಬೆಳೆದು ಅಳಿದ ಸಂಘ. ಕದಂಬ ಮೃಗೇಶವರ್ಮನ ದಾನಶಾಸನದಲ್ಲಿ ನಿರ್ಗ್ರಂಥ, ಕೂರ್ಚಕರೊಡನೆ ಅವರ ಹೆಸರಿದೆ. ಉಡುಪಿಯಿಂದ ಕಾರ್ಕಳದವರೆಗೆ ನಮ್ಮ ಹತ್ತು ಮನೆಗಳ ಹೊಸಿಲು ಹತ್ತಿ ಯಾಪನೀಯರೆಂದರೆ ಯಾರೆಂದು ಕೇಳಿ ನೋಡಿ. ನನ್ನ ಅಳಿಯನಿಗೆ ಆ ಪದ ತಿಳಿದದ್ದು ಪಾಠಶಾಲೆಯಿಂದಲ್ಲ, ಪ್ರವಚನದಿಂದಲ್ಲ, ಟ್ರಸ್ಟಿನ ಸ್ಮರಣ ಸಂಚಿಕೆಯಿಂದಲ್ಲ. ನೀವು ಬಹಿಷ್ಕರಿಸಿದ ಆಟದಿಂದ.

ಆಟ ಹೇಳದಿರುವ ಸಂಗತಿಗಳನ್ನಾದರೂ ನಾವು ಹೇಳಿದ್ದೇವೆಯೇ? ಭೈರರಸರಲ್ಲಿ ಪಟ್ಟ ಬರುತ್ತಿದ್ದುದು ಮಗನಿಗಲ್ಲ, ಸೋದರಳಿಯನಿಗೆ. ಆಟದಲ್ಲಿ ಹಿರಿಯ ಮಗನಿಗೆ ರಾಜ್ಯ, ಮಕ್ಕಳೆಲ್ಲರಿಗೆ ಹಂಚಿಕೆ, ಸಾಮಂತರ ಆಯ್ಕೆ ಎಂಬ ಕ್ರಮಗಳಿವೆ, ತಾಯಿಯ ವಂಶಕ್ಕೆ ಮಗು ಸೇರುವ ಮದುವೆಯೂ ಇದೆ, ಅಳಿಯಸಂತಾನವಿಲ್ಲ. ‘ನಮ್ಮ ಕಟ್ಟು ಹೀಗಿತ್ತೆಂದು ಮೊದಲೇ ಹೇಳಬಾರದಿತ್ತೇ ಮಾವ?’ ಎಂದು ಹುಡುಗ ಕೇಳಿದ. ಅಳಿಯಕಟ್ಟಿನ ಮನೆಯಲ್ಲಿ, ಸೋದರಮಾವನ ಮುಂದೆ ಕುಳಿತು, ಸೋದರಳಿಯ ಕೇಳಿದ ಪ್ರಶ್ನೆ ಇದು! 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದೀಚೆಗೆ ಕ್ರಮೇಣ ಮರೆಯಾದ ಆ ಪದ್ಧತಿಯ ಬಗ್ಗೆ ನಾನು ಅವನಿಗೆ ಎಂದೂ ಹೇಳಿರಲಿಲ್ಲ.

ಟ್ರಸ್ಟುಗಳ ಅಧಿಕಾರಿಗಳಿಗೆ ಒಂದು ಮಾತು. ನಿಮ್ಮ ಬಸದಿಗಳೂ ಒಂದು ಆಳ್ವಿಕೆಯಿಂದ ಮತ್ತೊಂದಕ್ಕೆ ದಾಟಿ ಬಂದಿವೆ. ಭೈರರಸರು ಬಿಟ್ಟ ಉಂಬಳಿ ಕೆಳದಿಯ ನಾಯಕರ ಕಾಲಕ್ಕೆ ಸಾಗಬೇಕಾಯಿತು. 1763ರಲ್ಲಿ ಬಿದನೂರು ಹೈದರನ ವಶವಾಯಿತು. 1799ರಲ್ಲಿ ಕಂಪನಿ ಬಂತು. 1956ರಲ್ಲಿ ಜಿಲ್ಲೆ ಮದರಾಸಿನಿಂದ ಮೈಸೂರಿಗೆ ಸೇರಿತು. 1974ರ ಭೂಸುಧಾರಣೆಯಲ್ಲಿ ಗೇಣಿಯ ಮುಡಿ ಅಕ್ಕಿಗಳು ನಿಂತು ವರ್ಷಾಶನದ ರೂಪಾಯಿಗಳಾದವು. ಒಂದೊಂದು ದಾಟಿನಲ್ಲಿಯೂ ಉಳಿದದ್ದು ಯಾವುದು? ಕಲ್ಲಿನ ಮೇಲೆ ಬರೆದಿಟ್ಟದ್ದು. ಕಡತದಲ್ಲಿದ್ದದ್ದು ಗೆದ್ದಲಿಗೆ ಹೋಯಿತು, ಬಾಯಲ್ಲಿದ್ದದ್ದು ಹಿರಿಯರೊಡನೆ ಹೋಯಿತು. ಶಾಸನ ಬರೆಯಿಸಿದ ಅರಸರಿಗೆ ಮುಂದೆ ಬರುವವರ ಮೇಲೆ ಪೂರ್ಣ ನಂಬಿಕೆಯಿರಲಿಲ್ಲ. ಆದ್ದರಿಂದಲೇ ಕೊನೆಯಲ್ಲಿ ಶಾಪಾಶಯವನ್ನು ಕೆತ್ತಿಸಿದರು. ಆ ಶಾಸನಗಳನ್ನು ಓದಿ, ಹೊಸಗನ್ನಡದ ಅರ್ಥದೊಡನೆ ಅಚ್ಚುಹಾಕಿ, ಹತ್ತು ರೂಪಾಯಿಗೆ ಮಕ್ಕಳ ಕೈಗೆ ಸಿಗುವಂತೆ ಮಾಡಿದ ಟ್ರಸ್ಟುಗಳು ಎಷ್ಟಿವೆ? ಬಣ್ಣದ ಜಾಹೀರಾತುಗಳ ಸ್ಮರಣ ಸಂಚಿಕೆಗಳಿಗೆ ನಮ್ಮಲ್ಲಿ ಎಂದೂ ಹಣದ ಕೊರತೆಯಾಗಿಲ್ಲ. ಹನ್ನೆರಡು ವರ್ಷಗಳ ಲೆಕ್ಕದಂತೆ 2015ರ ಬಳಿಕ ಕಾರ್ಕಳದ ಮಹಾಮಸ್ತಕಾಭಿಷೇಕ ಬರಬೇಕಾದದ್ದು 2027ರಲ್ಲಿ. ಸಂಚಿಕೆಯ ನೂರು ಪುಟಗಳಲ್ಲಿ ಇಪ್ಪತ್ತನ್ನು ಶಾಸನಪಾಠಕ್ಕೆ ಬಿಟ್ಟರೆ ದಾನಿಗಳೇನೂ ಮುನಿಯಲಾರರು.

ಪ್ರತಿಜ್ಞಾಪತ್ರದ ನಾಲ್ಕನೆಯ ಸಾಲನ್ನು ತೆಗೆದುಹಾಕಬೇಕು. ಸಹಿ ಹಾಕಿದ ಹದಿಮೂರು ಮಂದಿಯನ್ನು ಕರೆದು, ಪಾಲಿಸಲಾಗದವರು ನಿರ್ಭಯವಾಗಿ ಹಿಂದೆಗೆದುಕೊಳ್ಳಲು ಅವಕಾಶ ಕೊಡಬೇಕು. ವೇತನವನ್ನು ಅದಕ್ಕೆ ಜೋಡಿಸಬಾರದು. ವ್ರತವು ಸ್ವಯಂಪ್ರೇರಣೆಯಿಂದ ಗುರುಸನ್ನಿಧಿಯಲ್ಲಿ ತೆಗೆದುಕೊಳ್ಳುವಂಥದು, ಚೆಕ್ಕಿನೊಡನೆ ಹಂಚುವಂಥದಲ್ಲ. ನನ್ನ ಅಳಿಯನ ಚೆಕ್ಕು ಅವನಿಗೆ ಬೇಡ, ಅದನ್ನು ಬೇರೆ ಅರ್ಹ ವಿದ್ಯಾರ್ಥಿಗೆ ಕೊಡಲಿ.

ಅವನು ಈಗ ಬೇರೊಂದು ಕೆಲಸ ಹಿಡಿದಿದ್ದಾನೆ. ಈ ಆಟಗಳ ಕಡತಗಳು ಯಾರು ಬೇಕಾದರೂ ತೆರೆದು ತಿದ್ದಬಹುದಾದ ಸಾದಾ ಬರಹದಲ್ಲಿವೆಯಂತೆ. 1444ರ ಭೂಪಟಕ್ಕೆ ಕಾರ್ಕಳದ ರಾಜ್ಯವನ್ನು ಸೇರಿಸಬೇಕು, ಧರ್ಮದ ಜಾಗದಲ್ಲಿ ಜೈನವೆಂದು ಬರೆಯಬೇಕು, ಅಳಿಯನಿಗೆ ಪಟ್ಟ ಬರುವಂತೆ ಮಾಡಬೇಕೆಂದು ಅವನ ಹಠ. ಅದಕ್ಕಾಗಿ 1432ರ ಶಾಸನದ ಪೂರ್ಣ ಪಾಠವನ್ನು ಕೇಳಿ ಒಂದು ಟ್ರಸ್ಟಿನ ಕಚೇರಿಗೆ ಪತ್ರ ಬರೆದ. ಹಳೆಯ ಸ್ಮರಣ ಸಂಚಿಕೆಯೊಂದರಲ್ಲಿ ಇರಬಹುದು, ಕಪಾಟಿನ ಬೀಗದ ಕೈ ಇರುವವರು ಊರಿನಲ್ಲಿಲ್ಲ ಎಂದು ಉತ್ತರ ಬಂದು ಎರಡು ತಿಂಗಳಾಯಿತು.